ಒರೆಸಿದರೆ ಹೋಗುತ್ತಿದ್ದ ಅಕ್ಷರಗಳು

ಹೋದ ವರ್ಷ ತಂಗಿಯ ಮೊಮ್ಮಗನ ಮುಂಜಿವೆಯ ಆಮಂತ್ರಣ ಅಚ್ಚು ಹಾಕಿಸಲು ಬಳ್ಳಾರಿಯ ಒಂದು ಮುದ್ರಣಾಲಯಕ್ಕೆ ಹೋಗಿದ್ದೆ. ಸರದಿ ಬರಲೆಂದು ಬೆಂಚಿನ ಮೇಲೆ ಕೂತಿದ್ದಾಗ ಒಳಗಿನ ಕೋಣೆಯಿಂದ ಒಂದು ವಾಸನೆ ಬಂತು. ಸುಟ್ಟ ಬಾಚಣಿಗೆಯ ವಾಸನೆಗೆ ಬೂಟ್ ಪಾಲಿಶಿನದನ್ನು ಬೆರೆಸಿದಂತಿತ್ತು. ಅದರ ಹಿಂದೆಯೇ ಹತ್ತಿರದಲ್ಲಿ ಸಿಡಿಲು ಬಿದ್ದಾಗ ಮೂಗಿಗೆ ಬಡಿಯುವಂಥ ಒಂದು ಚುರುಕು. ಎದ್ದು ಹೋಗಿ ಇಣುಕಿದೆ. ಔಷಧದ ಬಾಟಲಿಗೆ ಅಂಟಿಸುವ ಚೀಟಿಗಳನ್ನು ಉದ್ದನೆಯ ಸುರುಳಿಯಾಗಿ ಮುದ್ರಿಸುವ ದೊಡ್ಡ ಯಂತ್ರ ನಡೆದಿತ್ತು. ಅದರ ಒಂದು ಸೀಳಿನಿಂದ ನೀಲಿ ಬಿಳುಪಿನ ಬೆಳಕು ಮಿನುಗುತ್ತಿತ್ತು.

"ಇದರಾಗ ಕಾದ ರೋಲರ್ ಇಲ್ಲ, ಫ್ಲ್ಯಾಶ್ ದೀಪ ಅದ. ಹೌದಲ್ಲಪಾ?" ಎಂದು ಕೇಳಿದೆ.

ಯಂತ್ರ ನಡೆಸುತ್ತಿದ್ದವನು ತಿರುಗಿ ನನ್ನ ನರೆಗೂದಲನ್ನೂ ಕೈಯಲ್ಲಿದ್ದ ಚೀಲವನ್ನೂ ನೋಡಿದ. "ಹೌದ್ರಿ ಅಮ್ಮಾರ. ಈ ಅಂಟಿನ ಕಾಗದ ಬಿಸಿ ತಡಿಯಂಗಿಲ್ಲ, ಅದಕ್ಕ ಬೆಳಕಿನಾಗ ಕರಗಸ್ತೈತಿ. ನಿಮಗ ಹೆಂಗ ಗೊತ್ತಾತ್ರಿ?"

ಹೇಳಬೇಕೆಂದರೆ ಆದೋನಿಯ ಒಂದು ಹತ್ತಿ ಸುಗ್ಗಿಯನ್ನು ಪೂರ್ತಿ ಹೇಳಬೇಕಿತ್ತು. ಅವನಿಗೆ ಕೆಲಸವಿತ್ತು. ನಕ್ಕು ಬಂದುಬಿಟ್ಟೆ.

ಅದು ಎಂಬತ್ತರ ದಶಕದ ನಡುವಿನ ಒಂದು ವರ್ಷ. ನನಗೆ ಇಪ್ಪತ್ತಾರು. ಅಪ್ಪ ಆಂಧ್ರದ ಗಡಿಯೂರು ಆದೋನಿಯಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದರು. ನಾನು ಟೈಪಿಂಗ್ ಕಲಿತು, ಕೋರ್ಟಿನ ಎದುರಿನ ಸಾಲಿನ ಒಂದು ಅಂಗಡಿಯಲ್ಲಿ ಕೂತು ಅರ್ಜಿ, ಅಫಿಡವಿಟ್ಟುಗಳನ್ನು ಹೊಡೆಯುತ್ತಿದ್ದೆ. ಅಂಗಡಿ ಬಸವರಾಜಪ್ಪನವರದು. ಅವರು ಹತ್ತಿಯ ವ್ಯಾಪಾರಿ. ಅಂಗಡಿಯ ಹಿಂದಿನ ಓಣಿಯಲ್ಲೇ ಅವರ ಜಿನ್ನು, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿ. ಹೊಸದೇನು ಕಂಡರೂ ಅದು ತಮ್ಮದಾಗಬೇಕು ಎನ್ನುವ ಮನುಷ್ಯ. ಆ ವರ್ಷ ದಸರೆ ಮುಗಿಸಿ ಮದ್ರಾಸಿಗೆ ಹೋದವರು, ಯಾವುದೋ ದೊಡ್ಡ ಕಚೇರಿಯ ಹರಾಜಿನಲ್ಲಿ ಒಂದು ಹಳೆಯ ಕಾಪಿ ಮಷೀನು ಹಿಡಿದು ಲಾರಿಯಲ್ಲಿ ಹಾಸಿಗೆ ಸುತ್ತಿ ತಂದರು. ಜೆರಾಕ್ಸ್ ಎಂಬ ಮಾತು ಇನ್ನೂ ನಮ್ಮೂರಿನ ಬಾಯಿಗೆ ಹತ್ತಿರಲಿಲ್ಲ. ಎಲ್ಲರಿಗೂ ಅದು ಕಾಪಿ ಮಷೀನೇ.

ಜೊತೆಗೆ ಬಂದ ಮೆಕ್ಯಾನಿಕ್ ಎರಡು ದಿನ ಇದ್ದು ನನಗೆ ಕಲಿಸಿ ಹೋದ. ಒಳಗೊಂದು ಉರುಳೆ, ಅದಕ್ಕೆ ಮೂಲ ಕಾಗದದ ನೆರಳು ಬೀಳುತ್ತದೆ. ನೆರಳು ಬಿದ್ದಲ್ಲಿ ಕರಿ ಪುಡಿ ಅಂಟುತ್ತದೆ. ಉರುಳೆಯಿಂದ ಪುಡಿ ಹೊಸ ಕಾಗದಕ್ಕೆ ಇಳಿಯುತ್ತದೆ. ಇಲ್ಲಿಗೆ ಅಕ್ಷರ ಮೂಡಿತು, ಆದರೆ ನಿಲ್ಲಲಿಲ್ಲ. ಅಂಗಳದ ರಂಗೋಲಿಯ ಹಾಗೆ ಅದು ಬರೀ ಮೇಲೆ ಕೂತಿರುತ್ತದೆ, ಉಫ್ ಎಂದರೆ ಹೋಯಿತು. ಅದನ್ನು ಕರಗಿಸಿ ಕಾಗದಕ್ಕೆ ಹಿಡಿಸಬೇಕು. ಬೇರೆ ಮಷೀನುಗಳಲ್ಲಿ ಕಾದ ರೋಲರು ಇಸ್ತ್ರಿಯ ಹಾಗೆ ಒತ್ತುತ್ತದಂತೆ. ನಮ್ಮದರಲ್ಲಿ ಕಾಗದ ಹೊರಬರುವ ಮುಂಚೆ ಒಂದು ಗಾಜಿನ ಕೊಳವೆ ದೀಪ ಫಟ್ ಎಂದು ಒಮ್ಮೆ ಮಿಂಚುತ್ತಿತ್ತು, ಅಷ್ಟೇ. ಕಾಗದ ಕೈಗೆ ಬಂದಾಗ ತಣ್ಣಗಿರುತ್ತಿತ್ತು, ಅಕ್ಷರ ಮಾತ್ರ ಕರಗಿ ಹಿಡಿದಿರುತ್ತಿತ್ತು.

ಇದು ನನಗೆ ಬಿಡಿಸಲಾಗದ ಗಂಟಾಯಿತು. ಒಂದೇ ಬೆಳಕು ಇಡೀ ಹಾಳೆಯ ಮೇಲೆ ಬೀಳುತ್ತದೆ. ಕರಿಯದು ಕರಗುತ್ತದೆ, ಬಿಳಿಯದಕ್ಕೆ ಬಿಸಿ ಕೂಡ ತಾಗುವುದಿಲ್ಲ, ಯಾಕೆ? ಪಕ್ಕದ ಫೋಟೋ ಸ್ಟುಡಿಯೋದ ಖಾಜಾಸಾಬರನ್ನು ಕೇಳಿದೆ. ಮದುವೆ ಮನೆಗಳಲ್ಲಿ ಮೂವತ್ತು ವರ್ಷ ಫ್ಲ್ಯಾಶ್ ಹೊಡೆದವರು, ನನಗೆ ಚಾಚಾ.

"ಕರಿ ಬಟ್ಟಿ ಹಾಕ್ಕೊಂಡು ಬಿಸಿಲಾಗ ನಿಂತು ನೋಡು ಬೇಟಿ," ಅಂದರು. "ಕರಿ ಬೆಳಕು ಕುಡೀತೈತಿ. ಬಿಳಿ ಉಗುಳಿಬಿಡ್ತೈತಿ. ಕುಡಿದದ್ದು ಬಿಸಿ ಆಗಿ ಕರಗತೈತಿ. ಕಾಗದಕ್ಕ ಬಿಸಿ ತಟ್ಟಬೇಕು ಅನ್ನೋದ್ರಾಗ ಬೆಳಕು ಖತಂ."

ಅವರ ಮಾತು ಸರಿಯೋ ಎಂದು ನೋಡಲು ನಾನು ಒಂದು ಬಿಳಿ ದಾರವನ್ನೂ ಒಂದು ಕರಿ ದಾರವನ್ನೂ ಕಾಗದಕ್ಕೆ ಅಂಟಿಸಿ, ಅವರ ಫ್ಲ್ಯಾಶಿಗೆ ತಾಗಿಸಿ ಹಿಡಿದು ಹೊಡೆಸಿದೆ. ಕರಿಯದರಿಂದ ಸಣ್ಣ ಹೊಗೆ ಎದ್ದಿತು. ಅಂದು ಮನೆಗೆ ಹೋಗಿ ಅಪ್ಪನಿಗೆ ಅದನ್ನೇ ಎರಡು ಸಲ ಹೇಳಿದೆ.

ಕಾರ್ತಿಕದಲ್ಲಿ ಹತ್ತಿ ಬರತೊಡಗಿತು. ಮಾರ್ಕೆಟ್ಟಿನ ದಾರಿಯಲ್ಲಿ ಬಂಡಿ, ಟ್ರ್ಯಾಕ್ಟರುಗಳ ಸಾಲು. ಜಿನ್ನುಗಳು ಬೆಳಿಗ್ಗೆ ಎಂಟಕ್ಕೆ ಗುಂಯ್ ಎಂದರೆ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಬಂದು ಟೈಪ್‌ರೈಟರಿನ ಕೀಲಿಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂಥ ಒಂದು ಮಧ್ಯಾಹ್ನ ಈರಮ್ಮ ಬಂದಳು. ಮೂವತ್ತೈದರ ಹೆಂಗಸು, ಗಟ್ಟಿ ಮೈ, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ದಪ್ಪ ನೋಟುಬುಕ್ಕು.

"ಇದರಂಥದ್ದೇ ಇನ್ನೊಂದು ಮಾಡಿ ಕೊಡ್ರವ್ವ. ಒಂದು ನನ್ನ ತಮ್ಮಗ, ಒಂದು ನನಗ."

"ಏನಿದು?"

"ನಮ್ಮಪ್ಪ ತೋಡಿದ ಬಾವಿಗಳು."

ಪುಟ ತೆರೆದೆ. ಪ್ರತಿ ಪುಟಕ್ಕೆ ಒಂದು ಊರು, ಒಂದು ಹೊಲ, ನಡುವೆ ದಪ್ಪನೆಯ ಒಂದು ದುಂಡು. ಪಕ್ಕದಲ್ಲಿ ಸಣ್ಣ ಮೊನೆಯ ಕನ್ನಡ ಅಕ್ಷರ: ಐದು ಮೊಳ ಕರಿಮಣ್ಣು, ಮೂರು ಮೊಳ ಸುಣ್ಣಕಲ್ಲು, ಆಮೇಲೆ ಬಂಡೆ, ಸೆಲೆ ಯಾವ ಮೂಲೆಯಲ್ಲಿ ಒಡೆಯಿತು, ನೀರು ಸಿಹಿಯೋ ಸವುಳೋ. ಪತ್ತಿಕೊಂಡದಿಂದ ಆಲೂರಿನವರೆಗೆ ಅವಳ ಅಪ್ಪ, ಮೇಸ್ತ್ರಿ ತಿಮ್ಮಪ್ಪ, ತನ್ನ ಆಳುಗಳನ್ನು ಕಟ್ಟಿಕೊಂಡು ತೋಡಿದ ಬಾವಿಗಳೆಲ್ಲ ಅದರಲ್ಲಿದ್ದವು. ಆ ಮಳೆಗಾಲದಲ್ಲಿ ಅವನು ತೀರಿಕೊಂಡಿದ್ದ. ಈಗ ಕೆಲಸ ಈರಮ್ಮ ಮತ್ತು ಅವಳ ತಮ್ಮ ಹನುಮಂತನದು.

ಕೆಲವು ದುಂಡುಗಳ ಒಳಗೆ ಒಂದು ಪುಟ್ಟ ಕತ್ತರಿ ಗುರುತಿತ್ತು. ಇದೇನೆಂದು ಕೇಳಿದೆ.

"ಅದು ಹಾರದ ತೂತವ್ವ. ಬಂಡಿಗೆ ತೂತು ಹೊಡೆದು ಮದ್ದು ತುಂಬಿ ಬತ್ತಿ ಹಚ್ಚತೀವಲ್ಲ, ಒಂದೊಂದು ಸಲ ಹಾರಂಗಿಲ್ಲ. ಅಷ್ಟೊತ್ತಿಗೆ ಸೆಲಿ ಒಡೆದು ನೀರು ತುಂಬಿಬಿಟ್ರ ಬಾವಿ ಬಿಟ್ಟು ಮ್ಯಾಲ ಬರತಾರ. ಮದ್ದು ಒಳಗ ಹಂಗೇ ಇರತೈತಿ. ಮುಂದ ಯಾರರ ಆಳ ಮಾಡಾಕ ಇಳಿದ್ರ ಗೊತ್ತಿರಬೇಕು. ಗೊತ್ತಿಲ್ದ ಅದರ ಮ್ಯಾಲೆ ಉಳಿ ಇಟ್ರ ಆಳು ಉಳಿಯಂಗಿಲ್ಲ."

ನಾನು ನಲವತ್ತಕ್ಕೂ ಹೆಚ್ಚು ಪುಟಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು ಕಾಪಿ ತೆಗೆದೆ. ಫಟ್, ಫಟ್ ಎಂದು ಬೆಳಕು ಹೊಡೆದಂತೆಲ್ಲ ಅವಳು ಕಣ್ಣು ಮುಚ್ಚಿ ತೆರೆದು ಮಾಡುತ್ತಿದ್ದಳು. ಮೂಲವನ್ನು ತಮ್ಮನಿಗೆಂದು ಟವೆಲಿನಲ್ಲಿ ಸುತ್ತಿಕೊಂಡಳು, ಕಾಪಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋದಳು. ಯಾವ ಊರೆಂದು ನಾನು ಕೇಳಲಿಲ್ಲ.

ಅದಾಗಿ ಎಂಟು ದಿನಕ್ಕೆ ಒಬ್ಬ ವಕೀಲರ ಗುಮಾಸ್ತ ಬಂದು ತನ್ನ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದ. ಬೆರಳು ಕರ್ರಗಿತ್ತು. "ಏಮಮ್ಮಾ ಇದಿ? ಸಾಹೇಬ್ರು ಹಿಂಗ ಸವರಿದ್ರು, ಅರ್ಧ ಪೇಜು ಖಾಲಿ!" ಕಾಗದ ನೋಡಿದೆ. ತಲೆಬರಹದ ದಪ್ಪ ಅಕ್ಷರ, ಮೊಹರಿನ ಗುರುತು ಇದ್ದವು. ಸಣ್ಣ ಅಕ್ಷರಗಳ ಜಾಗದಲ್ಲಿ ಬೂದಿ ಎಳೆದಂತಾಗಿತ್ತು. ಮರುದಿನ ಇನ್ನಿಬ್ಬರು ಬಂದರು. ಆದರೆ ಅದೇ ವಾರ ನಾನು ತೆಗೆದ ಬೇರೆ ಕಾಪಿಗಳು ಉಗುರಿನಿಂದ ಕೆರೆದರೂ ಹೋಗುತ್ತಿರಲಿಲ್ಲ.

ನಾನು ಹಾಳು ಕಾಗದದ ಮೇಲೆ ಗಂಟೆಗೊಂದು ಕಾಪಿ ತೆಗೆದು, ಹಿಂದೆ ದಿನ, ಹೊತ್ತು ಬರೆದು, ಬೆರಳಿನಿಂದ ಉಜ್ಜಿ ನೋಡತೊಡಗಿದೆ. ಬೆಳಿಗ್ಗೆ ಏಳೂವರೆಯದು ಗಟ್ಟಿ. ಹನ್ನೊಂದರದು ಹೋಗುತ್ತಿತ್ತು. ಮಧ್ಯಾಹ್ನದ್ದು ಪೂರ್ತಿ ಹೋಗುತ್ತಿತ್ತು. ಸಂಜೆ ಮತ್ತೆ ಗಟ್ಟಿ. ಮೊದಲು ಬಿಸಿಲಿಗೆ ಪುಡಿ ಕೆಡುತ್ತದೆ ಅಂದುಕೊಂಡೆ. ಅಮಾವಾಸ್ಯೆಯ ದಿನ ನಡುಮಧ್ಯಾಹ್ನ ತೆಗೆದದ್ದು ಕಲ್ಲಿನಂತೆ ಹಿಡಿದಿತ್ತು. ಬಿಸಿಲು ಅಂದೂ ಅಷ್ಟೇ ಇತ್ತು. ಆ ಕಾಗದ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಓಣಿ ಯಾಕೋ ಬಿಕೋ ಎನ್ನುತ್ತಿತ್ತು. ಆಗ ಹೊಳೆಯಿತು: ಅಮಾವಾಸ್ಯೆಗೆ ಜಿನ್ನುಗಳಿಗೆ ರಜೆ.

ಖಾಜಾ ಚಾಚಾ ಮಾತು ಕೇಳಿದವರೇ ಸ್ಕ್ರೂಡ್ರೈವರ್ ತಂದು ಮಷೀನಿನ ಬೆನ್ನು ಬಿಚ್ಚಿದರು. "ಕೈ ಹಾಕಬ್ಯಾಡ," ಎಂದು ನನ್ನನ್ನು ದೂರ ನಿಲ್ಲಿಸಿ, ಮರದ ಹಿಡಿಯ ಒಂದು ಕಬ್ಬಿಣದ ಕಡ್ಡಿಯನ್ನು ದೊಡ್ಡ ಡಬ್ಬಿಯಂಥ ಕೆಪಾಸಿಟರಿನ ಎರಡು ಮೊಳೆಗಳಿಗೆ ಅಡ್ಡ ಇಟ್ಟರು. ಪಟಾಕಿ ಹೊಡೆದಂತೆ ಸದ್ದಾಯಿತು. ಇಬ್ಬರೂ ಹಿಂದಕ್ಕೆ ಹಾರಿದೆವು.

"ನೋಡು, ಇದು ಕರೆಂಟು ತುಂಬಿಕೊಳ್ಳೋ ಕೊಡ. ತುಂಬಿದ ಮ್ಯಾಲೆ ದೀಪಕ್ಕ ಸುರೀತೈತಿ. ನನ್ನ ಫ್ಲ್ಯಾಶಿನಾಗೂ ಇಂಥದ್ದೇ ಐತಿ, ತುಂಬಿದ್ರ ಕೆಂಪು ದೀಪ ಹತ್ತತೈತಿ. ಜಿನ್ನು ನಡೆದಾಗ ವೋಲ್ಟೇಜು ಬೀಳತೈತಿ, ಕೊಡ ತುಂಬಾಕ ಟೈಮು ಬೇಕು." ಆಮೇಲೆ ಕನ್ನಡಕ ಮೇಲೇರಿಸಿ ಇನ್ನೂ ಒಳಗೆ ಬಗ್ಗಿದರು. "ಅರೆ! ತುಂಬೋ ತನಕ ಕಾಗದ ತಡಿಯೋ ಸ್ವಿಚ್ಚಿಗೆ ಯಾರೋ ತಂತಿ ಸುತ್ತ್ಯಾರ. ಅರ್ಧ ಕೊಡಕ್ಕೇ ಹೊಡೆದುಬಿಡ್ತೈತಿ. ದಪ್ಪ ಅಕ್ಷರ ಹೆಂಗೋ ಕರಗ್ತಾವ, ಸಣ್ಣವು ಕರಗಂಗಿಲ್ಲ."

ತಂತಿ ತೆಗೆದೆವು. ಈಗ ಹಗಲಿನಲ್ಲಿ ಒಂದೊಂದು ಕಾಪಿಗೂ ಮಷೀನು ಸುಮ್ಮನೆ ಕಾಯುತ್ತಿತ್ತು. ಬಸವರಾಜಪ್ಪ ಬಂದು ನಿಂತ ಜನರನ್ನು ನೋಡಿ ಮುಖ ಕಿವುಚಿದರು. "ಮೊದಲಿನಂಗ ತಂತಿ ಕಟ್ಟವ್ವ. ಇಷ್ಟೊತ್ತು ಯಾರು ನಿಲ್ತಾರ?"

"ಕಟ್ಟೋದಿಲ್ರಿ ಸಾವ್ಕಾರ್ರ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವರ ಜಿನ್ನಿನದೇ ಒಂದು ಪರವಾನಗಿಯ ಕಾಪಿ, ಹಿಂದಿನ ವಾರ ನಾನೇ ತೆಗೆದದ್ದು, ಅವರ ಜೇಬಿನಲ್ಲಿತ್ತು. "ಅದನ್ನ ಒಮ್ಮೆ ಉಜ್ಜಿ ನೋಡ್ರಿ." ಉಜ್ಜಿದರು. ಅವರ ಹೆಸರಿನ ಅರ್ಧ ಬೆರಳಿಗೆ ಬಂತು. ಬೆರಳನ್ನು ಧೋತರಕ್ಕೆ ಒರೆಸಿ, "ನಿಂತ್ರ ನಿಲ್ಲಲಿ," ಎಂದು ಹೊರಟುಹೋದರು.

ಗುರುತಿನವರಿಗೆಲ್ಲ ಹೇಳಿಕಳಿಸಿ ಹೊಸ ಕಾಪಿ ತೆಗೆದುಕೊಟ್ಟೆ. ಈರಮ್ಮನ ಕಾಪಿಗಳನ್ನೂ ಜಿನ್ನು ನಡೆಯುವಾಗಲೇ ತೆಗೆದಿದ್ದೆ. ಆಲೂರು, ಪತ್ತಿಕೊಂಡದ ಬಸ್ಸಿನ ಕಂಡಕ್ಟರುಗಳಿಗೆ, ಬಾವಿ ತೋಡಿಸುವ ಈರಮ್ಮ ಎಂಬಾಕೆ ಗೊತ್ತೇ ಎಂದು ಕೇಳಿದೆ. ಮೇಸ್ತ್ರಿ ತಿಮ್ಮಪ್ಪನನ್ನು ಬಲ್ಲವರಿದ್ದರು. ಅವನ ಮಕ್ಕಳು ಯಾವ ಹೊಲದಲ್ಲಿ ಬಿಡಾರ ಹಾಕಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೂಲ ಪುಸ್ತಕ ತಮ್ಮನ ಹತ್ತಿರ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಸಂಕ್ರಾಂತಿ ಮುಗಿದ ಮೇಲೆ, ಒಂದು ದಿನ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಈರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು. ಪ್ಲಾಸ್ಟಿಕ್ ಚೀಲವನ್ನು ಎರಡೂ ಅಂಗೈ ಮೇಲೆ, ತುಂಬಿದ ಬಟ್ಟಲು ಹಿಡಿದಂತೆ ಹಿಡಿದಿದ್ದಳು.

"ಅವ್ವಾ, ನೀ ಕೊಟ್ಟ ಅಕ್ಷರ ಉದುರಾಕ ಹತ್ಯಾವ."

ನಡೆದದ್ದು ಇದು. ಹನುಮಂತ ಒಂದು ಬಾವಿಯಲ್ಲಿ ಹಗ್ಗ ಬಿಟ್ಟು ಆಳ ನೋಡುವಾಗ ನಡುವಿಗೆ ಸಿಕ್ಕಿಸಿಕೊಂಡಿದ್ದ ಮೂಲ ಪುಸ್ತಕ ಜಾರಿ ನೀರಿಗೆ ಬಿದ್ದಿತ್ತು. ತೆಗೆಯುವಷ್ಟರಲ್ಲಿ ಪೆನ್ನಿನ ಮಸಿ ಕರಗಿ ಪುಟಗಳೆಲ್ಲ ನೀಲಿ ನೀರು. ಈಗ ಆಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಪ್ಪ ತೋಡಿದ್ದ ಬಾವಿಯನ್ನೇ ಆಳ ಮಾಡುವ ಕೆಲಸ ಒಪ್ಪಿಕೊಂಡಿದ್ದರು. ಹೂಳು ತೆಗೆದು ಹಿಂದಿನ ದಿನವಷ್ಟೇ ಬಂಡೆಗೆ ತೂತು ಹೊಡೆಯಲು ಶುರು ಮಾಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವಳಿಗೆ, ಈ ಊರಿನ ಬಾವಿಯಲ್ಲೇ ಒಂದು ತೂತು ಹಾರಲಿಲ್ಲ ಎಂದು ಅಪ್ಪ ಹೇಳಿದ್ದ ನೆನಪು. ಯಾವ ಮೂಲೆ ಎಂದು ನೆನಪಿಲ್ಲ. ಕಾಪಿ ಬಿಚ್ಚಿದಳು. ಹಾಳೆ ಎಳೆದಂತೆ ಕರಿ ಪುಡಿ ಮಡಿಲಿಗೆ ಉದುರಿತು.

"ನಾ ಬರೋ ತನಕ ಯಾರೂ ಇಳಿಬ್ಯಾಡ್ರಿ ಅಂತ ಹೇಳಿ ಬಂದೀನಿ. ಹೊಲದ ಯಜಮಾನ ಮಧ್ಯಾಹ್ನದ ಮಟ ಕಾಯತೀನಿ ಅಂದಾನ. ಆಳುಗಳು ನಗತಾವ, ಅಪ್ಪನ ಕಾಲದ ಮದ್ದು ಯಾವಾಗೋ ಸತ್ತಿರತೈತಿ ಅಂತಾವ."

ತಪ್ಪು ನನ್ನದೆಂದು ಹೇಳಿದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ಬೈಯಲಿಲ್ಲ. "ಅದು ಆಮ್ಯಾಲೆ. ಈಗ ಇದನ್ನ ನಿಲ್ಲಿಸಾಕ ಆಗತೈತೇನು ನೋಡು," ಅಂದಳು.

ಮಷೀನಿನಲ್ಲಿ ಮತ್ತೆ ತೂರಿಸಿದರೆ ಒಳಗಿನ ಪಟ್ಟಿಗೇ ಉಳಿದ ಪುಡಿ ಒರೆಸಿಹೋಗುತ್ತಿತ್ತು. ಹಾಳೆಯನ್ನು ಮುಟ್ಟದೆ ಕರಗಿಸಬೇಕು. ನಾನು ಖಾಜಾ ಚಾಚಾನ ಬಾಗಿಲು ಬಡಿದೆ.

ಮೊದಲು ನನ್ನ ಹತ್ತಿರವಿದ್ದ ಹಾಳು ಕಾಪಿಗಳ ಮೇಲೆ ನೋಡಿದೆವು. ಚಾಚಾ ತಮ್ಮ ದೊಡ್ಡ ಫ್ಲ್ಯಾಶನ್ನು ಒಂದು ಗೇಣು ಮೇಲೆ ಹಿಡಿದು ಹೊಡೆದರು. ಉಜ್ಜಿದರೆ ಅಕ್ಷರ ಹೋಯಿತು. ನಾಲ್ಕು ಬೆರಳು ಮೇಲಿಂದ ಹೊಡೆದರು, ಅರ್ಧ ನಿಂತಿತು. ಒಂದೇ ಬೆರಳಿನ ಅಂತರಕ್ಕೆ ಇಳಿಸಿದಾಗ ಸಣ್ಣದೊಂದು ಹೊಗೆ ಎದ್ದು ಅಕ್ಷರ ಹೊಳೆಯಿತು. ಉಜ್ಜಿದೆ. ಗಟ್ಟಿ! ಗಂಟೆ ಏಳು ಕಳೆದಿತ್ತು. ಜಿನ್ನು ಶುರುವಾಗುವ ಮೊದಲು ಮುಗಿಸಬೇಕಿತ್ತು.

ಈರಮ್ಮ ಊರಿನ ಹೆಸರು ನೋಡಿ ಆ ಪುಟವನ್ನು ಹುಡುಕಿದಳು. ದಪ್ಪ ದುಂಡು ಇತ್ತು. ದುಂಡಿನ ಒಳಗೆ ಏನೂ ಇರಲಿಲ್ಲ, ಬೂದು ಬಣ್ಣದ ಒಂದು ಒರಸು ಮಾತ್ರ. ಅವಳು ಹಾಳೆ ಎಳೆದಾಗಲೇ ಅದು ಹೋಗಿತ್ತು. ಆಮೇಲೆ ಚಾಚಾ, ಅದರ ಮೇಲಿದ್ದ ಹಾಳೆಯನ್ನು ಅಂಚು ಹಿಡಿದು ಎತ್ತಿ, ಮಗುಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಖಾಲಿ ಇರಬೇಕಾದ ಬೆನ್ನಿನ ಮೇಲೆ ತೆಳ್ಳಗೆ, ಉಸಿರಿನಷ್ಟು ತೆಳ್ಳಗೆ, ಒಂದು ದುಂಡು. ಅದರ ಒಳಗೆ ಒಂದು ಕತ್ತರಿ ಗುರುತು. ಇಷ್ಟು ದಿನ ಒತ್ತಿ ಕೂತದ್ದಕ್ಕೆ ಕೆಳಗಿನ ಹಾಳೆಯ ಪುಡಿ ಮೇಲಿನದರ ಬೆನ್ನಿಗೆ ಹತ್ತಿತ್ತು.

"ಉಸಿರು ಬಿಡಬ್ಯಾಡ್ರಿ," ಎಂದು ಚಾಚಾ ಅದನ್ನು ಮೇಜಿನ ಮೇಲಿಟ್ಟರು. ಕೆಂಪು ದೀಪ ಹತ್ತುವ ತನಕ ಕಾದು, ಹೊಡೆದು, ಮತ್ತೆ ಕಾದು, ಅಂಗೈ ಅಂಗೈಯಷ್ಟು ಜಾಗ ಸರಿಸುತ್ತ ಇಡೀ ಬೆನ್ನಿನ ಮೇಲೆ ಬೆಳಕು ಹಾಕಿದರು. ನಾನು ಅಂಚಿನಲ್ಲಿ ಬೆರಳಿಟ್ಟು ನೋಡಿದೆ. ನಿಂತಿತ್ತು.

ಈರಮ್ಮ ಬಗ್ಗಿ ನೋಡಿದಳು. "ಮ್ಯಾಲಿಂದು ಉತ್ತರ. ಗುರುತು ಎಡಕ್ಕೈತಿ. ಅಂದ್ರ ವಾಯವ್ಯ ಮೂಲಿ." ಎದ್ದೇಬಿಟ್ಟಳು.

"ಠೈರೋ, ಠೈರೋ!" ಚಾಚಾ ಅವಳ ದಾರಿಗೆ ಕೈ ಅಡ್ಡ ಹಿಡಿದರು. "ತಾಯಿ, ಇದು ಉಲ್ಟಾ. ನೆಗೆಟಿವ್ ಇದ್ದಂಗ. ಎಡ ಅನ್ನೋದು ಬಲ." ಸ್ಟುಡಿಯೋದ ಗೋಡೆಯ ಕನ್ನಡಿಯನ್ನು ಬಿಚ್ಚಿ ತಂದು ಹಾಳೆಯ ಎದುರು ಹಿಡಿದರು. ಕನ್ನಡಿಯಲ್ಲಿ ಅಕ್ಷರಗಳು ನೇರವಾದವು. ದುಂಡಿನ ಬಲಕ್ಕೆ, ಮೇಲಿನ ಮೂಲೆಯಲ್ಲಿ ಕತ್ತರಿ ಗುರುತು, ಪಕ್ಕದಲ್ಲಿ, "ಈಶಾನ್ಯ. ಒಂದು ಹಾರಿಲ್ಲ."

ಈರಮ್ಮ ಕನ್ನಡಿಯಲ್ಲಿ ಆ ಅಕ್ಷರದ ಮೇಲೆ ಬೆರಳಿಟ್ಟಳು. "ವಾಯವ್ಯ ಬಿಟ್ಟು ಈಶಾನ್ಯಕ್ಕ ಹೊಡೀರಿ ಅಂತ ನಾನೇ ಹೇಳತಿದ್ನೆಲ್ಲವ್ವ," ಅಂದಳು.

ಮೂವರೂ ಆಲೂರಿನ ಬಸ್ಸು ಹತ್ತಿದೆವು. ನಾನು ಯಾಕೆ ಹೋದೆನೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕಾಗದದ ಮೇಲೆ ನಿಂತದ್ದು ನಿಜವೋ ಎಂದು ಕಣ್ಣಾರೆ ನೋಡಬೇಕಿತ್ತು. ಬಸ್ಸಿಳಿದು ಕರಿ ಹೊಲದ ನಡುವೆ ಬಹಳ ದೂರ ನಡೆದು ಬಾವಿ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಯಜಮಾನ ಗಡಿಯಾರ ನೋಡುತ್ತ ನಿಂತಿದ್ದ. ಆರು ಜನ ಆಳುಗಳು ಜಾಲಿಯ ನೆರಳಲ್ಲಿ ಬೀಡಿ ಸೇದುತ್ತಿದ್ದರು. ಈರಮ್ಮ ಮೊದಲು ಬೀಡಿ ಆರಿಸಿ ಎಂದಳು.

ಅವಳು ಒಬ್ಬಳೇ ಇಳಿದಳು; ಹನುಮಂತ, ಚಾಚಾ ದಂಡೆಯಲ್ಲೇ ನಿಂತರು. ಈಶಾನ್ಯದ ಮೂಲೆಯಲ್ಲಿ ಕೂತು, ಒದ್ದೆ ಬಟ್ಟೆಯಿಂದ ಬಂಡೆಯ ಮೇಲಿನ ಕೆಸರನ್ನು ಮೆಲ್ಲಗೆ, ಕೂಸಿನ ಮುಖ ಒರೆಸುವಂತೆ ಒರೆಸಿದಳು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಳುಗಳಲ್ಲಿ ಒಬ್ಬ ಕೆಮ್ಮಿದ. ಆಮೇಲೆ ಅವಳ ಕೈ ನಿಂತಿತು. "ಸಿದ್ದಾ, ಬರಿಗೈಲೆ ಇಳಿದು ಬಾ," ಎಂದು ಕರೆದಳು. ಸಿದ್ದ ಎಂಬ ಹರೆಯದ ಆಳು ಇಳಿದ. ನಾನೂ ಗೋಡೆಯ ಕಲ್ಲು ಮೆಟ್ಟಿಲು ಹಿಡಿದು ಅವನ ಹಿಂದೆ ಇಳಿದೆ. ಯಾರೂ ಬೇಡ ಅನ್ನಲಿಲ್ಲ.

ಕರಿ ಬಂಡೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ಅಗಲದ ಒಂದು ಕೆಂಪು ಚುಕ್ಕೆ. ತೂತಿಗೆ ಮದ್ದು ತುಂಬಿ ಮೇಲೆ ಮೆತ್ತಿದ ಕೆಮ್ಮಣ್ಣು. ಅದರ ಪಕ್ಕದಲ್ಲೇ ಬಂಡೆ ಹೊಸದಾಗಿ ಬಿಳುಚಿಕೊಂಡಿತ್ತು; ಉಳಿ ಕಚ್ಚಿದ ಗುರುತು, ಒಂದು ಅಂಗುಲ ಆಳ. ಸಿದ್ದ ಕೂತು ಎರಡರ ನಡುವೆ ತನ್ನ ಬೆರಳುಗಳನ್ನು ಒಂದರ ಪಕ್ಕ ಒಂದು ಇಟ್ಟ. ನಾಲ್ಕು ಹಿಡಿದವು. ಐದನೆಯದಕ್ಕೆ ಜಾಗವಿರಲಿಲ್ಲ.

"ನಿನ್ನಿ ಸಂಜಿಮುಂದ ಉಳಿ ಮೊಂಡಾತು ಅಂತ ಬಿಟ್ಟಿದ್ದೆ," ಎಂದು ಯಾರಿಗೋ ಹೇಳುವಂತೆ ಹೇಳಿದ. "ತೂತು ನೆಟ್ಟಗ ಹೋಗಂಗಿಲ್ಲ ಅಂತ ಇನ್ನೂ ಈ ಕಡಿಗೆ ಓರಿ ಮಾಡಿ ಹೊಡಿಬೇಕಂದಿದ್ದೆ. ಇವತ್ತು ಮುಂಜಾನೆ ಉಳಿ ಕಾಸಿ ಚೂಪು ಮಾಡಿಸ್ಕೊಂಡು ಬಂದಿದ್ದೆ."

ಈರಮ್ಮ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಮೂವರೂ ಒಬ್ಬೊಬ್ಬರಾಗಿ ಮೇಲೆ ಬಂದೆವು. ಮೇಲೆ ಯಾರೂ ನಗುತ್ತಿರಲಿಲ್ಲ. ಯಜಮಾನ ತಾನೇ ಕೊಡದಿಂದ ನೀರು ಬಗ್ಗಿಸಿ ಸಿದ್ದನಿಗೆ ಕುಡಿಯಲು ಕೊಟ್ಟ. ಅವನು ಕುಡಿದು ಮತ್ತೆ ಬೊಗಸೆ ಒಡ್ಡಿದ.

ಎರಡು ದಿನದ ಮೇಲೆ ಲೈಸೆನ್ಸ್ ಇರುವ ಮದ್ದಿ‌ನವನೊಬ್ಬ ಬಂದು, ಪೈಪಿನಿಂದ ನೀರು ಹಾಯಿಸಿ ಕೆಮ್ಮಣ್ಣು ಕರಗಿಸಿ, ಒಳಗಿದ್ದದ್ದನ್ನು ತೆಗೆದನೆಂದು ಹನುಮಂತ ಅಂಗಡಿಗೆ ಬಂದು ಹೇಳಿದ. ಆ ಬೇಸಿಗೆಯಲ್ಲಿ ಬಾವಿ ಇನ್ನೂ ಹತ್ತು ಮೊಳ ಆಳವಾಯಿತು. ಇಳಿದು ಕೆಲಸ ಮಾಡಿದವರು ಅದೇ ಆರು ಜನ. ಅವರಲ್ಲಿ ಸಿದ್ದನೂ ಇದ್ದ.